ನಮ್ಮ ಬೀದಿಯ ಗೊಬ್ಬರದ ಗುಂಡಿ

ಹೋದ ವರ್ಷದ ಮಳೆಗಾಲಕ್ಕೆ ಶುರುವಾಗಿ ದೀಪಾವಳಿ ಹೊತ್ತಿಗೆ ಮುಗಿದ ಸಂಗತಿಗಳಿವು. ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಬೀದಿ, ನಲವತ್ತೆರಡು ಮನೆ. ಬಿ.ಎಸ್ಸಿ. ಮುಗಿಸಿದವಳು ಸುಮ್ಮನಿರದೆ, ಬೀದಿ ಕೊನೆಯ ಖಾಲಿ ಜಾಗದಲ್ಲಿ ಹಸಿಕಸದಿಂದ ಗೊಬ್ಬರ ಮಾಡುತ್ತೇನೆಂದು ಪಾಲಿಕೆಗೆ ಅರ್ಜಿ ಕೊಟ್ಟೆ. ಹೆಲ್ತ್ ಇನ್‌ಸ್ಪೆಕ್ಟರ್ ಒಪ್ಪಿದರು. "ಆದ್ರೆ ದೀಪಾವಳಿಯೊಳಗೆ ಸಭೆ ಮಾಡಿ ಮೂವತ್ತು ಮನೆಯವರ ಸಹಿ ತೋರಿಸಮ್ಮ. ಇಲ್ಲಾಂದ್ರೆ ಗುಂಡಿ ಮುಚ್ಚಿಸ್ತೀನಿ." ಅಂದಿನಿಂದ ವಾರಕ್ಕೊಂದಾದರೂ ಈ ಕೆಳಗಿನಂಥದ್ದು ನಡೆಯುತ್ತಲೇ ಇತ್ತು.

೧. ಬಕೆಟ್

ಹಸಿಕಸಕ್ಕೆಂದು ಮನೆಗೊಂದು ಹಸಿರು ಬಕೆಟ್ ಹಂಚಿದೆ. ಮರುದಿನ ಎದುರುಮನೆ ಅಜ್ಜಿ ಎಂದಿನಂತೆ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕಸದ ಗಾಡಿಗೆ ಎಸೆದರು.

"ಅಜ್ಜಿ, ಬಕೆಟ್ ಎಲ್ಲಿ?"

"ರಾಗಿಹಿಟ್ಟು ತುಂಬಿಟ್ಟಿದೀನಿ ಕಣವ್ವ. ಮುಚ್ಚಳ ಎಷ್ಟ್ ಗಟ್ಟಿ ಐತೆ!"

ಅದು ಕಸದ ಬಕೆಟ್ ಎಂದೆ.

"ಕಸ ಹಾಕಿದ್ರೆ ತಾನೆ ಕಸದ ಬಕೆಟ್ಟಾಗೋದು?"

೨. ಟಿಕೆಟ್

ಗುಂಡಿಗೆ ಎರೆಹುಳ ಬೇಕಿತ್ತು. ಕುಣಿಗಲ್‌ನಲ್ಲಿರುವ ಚಿಕ್ಕಪ್ಪ ಎರಡು ಕೆ.ಜಿ. ಕೊಟ್ಟರು. ತೂತು ಕೊರೆದ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ.

"ಏನಮ್ಮ ಅದು?" ಕಂಡಕ್ಟರ್ ಕೇಳಿದರು.

"ಎರೆಹುಳ."

"ಜೀವ ಇದೆಯಾ?"

"ಇದೆ."

"ಕೋಳಿಗೇ ಅರ್ಧ ಟಿಕೆಟ್ ಕೊಡ್ತೀವಿ. ಇವು ಎಷ್ಟವೆ?"

"ಎಣಿಸಿಲ್ಲ. ಎರಡು ಸಾವಿರ ಇರಬಹುದು."

ಅವರು ಟಿಕೆಟ್ ಮೆಷಿನ್ ನೋಡಿದರು. ಡಬ್ಬ ನೋಡಿದರು. ನನ್ನ ಪಕ್ಕದಲ್ಲಿದ್ದ ಯಜಮಾನರು ಎದ್ದು ಹಿಂದಿನ ಸೀಟಿಗೆ ಹೋದರು.

"ಬುಡಿ," ಎಂದರು ಕಂಡಕ್ಟರ್. "ಸೀಟಲ್ಲೇನೂ ಕೂರಲ್ವಲ್ಲ."

೩. ಟೀ

ಮೊದಲ ಸಭೆಗೆ ನಾಲ್ಕು ಜನ ಬಂದರು. ಎರಡನೆಯದಕ್ಕೆ ಇಬ್ಬರು, ಅದರಲ್ಲಿ ಒಬ್ಬರು ನಮ್ಮಮ್ಮ. ಮೂರನೆಯದಕ್ಕೆ ಮೂಲೆಮನೆ ಅಂಕಲ್ ಒಬ್ಬರೇ. "ಟೀ ಇದೆಯಾ?" ಎಂದರು. ಇಲ್ಲ ಎಂದೆ. "ಸರಿ, ಎಲ್ಲರೂ ಬಂದ್ಮೇಲೆ ಫೋನ್ ಮಾಡಮ್ಮ," ಎಂದು ಹೊರಟರು.

ದೀಪಾವಳಿಗೆ ಹತ್ತು ದಿನ ಉಳಿದಿತ್ತು.

೪. ಜರಡಿ

ಗೊಬ್ಬರವೇನೋ ಚೆನ್ನಾಗಿ ಬಂತು. ಗುಬ್ಬಿ ಕಡೆಯ ತೆಂಗಿನ ತೋಟದವರೊಬ್ಬರು ಮೊದಲ ಲೋಡ್ ಒಯ್ದರು. ಎರಡೇ ದಿನಕ್ಕೆ ಫೋನ್.

"ಏನಮ್ಮ, ತೆಂಗಿಗೆ ಗೊಬ್ಬರಾನ ಚಮಚದಲ್ಲಿ ತಿನ್ನಿಸ್ಬೇಕಾ? ಜರಡಿ ಹಿಡಿದ್ರೆ ಬರೀ ಚಮಚ!"

ತಟ್ಟೆ ತೊಳೆಯುವಾಗ ಮುಸುರೆಯ ಜೊತೆ ಜಾರಿದ ಸ್ಟೀಲ್ ಚಮಚಗಳು. ಪ್ರತಿಯೊಂದರ ಹಿಡಿಯ ಮೇಲೂ ಪಾತ್ರೆ ಅಂಗಡಿಯಲ್ಲಿ ಕೆತ್ತಿಸಿದ ಹೆಸರು. ಅವನ್ನು ತರಿಸಿ, ತೊಳೆದು, ಬೀದಿಯ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿದೆ: "ಗುಂಡಿಯಲ್ಲಿ ಚಮಚ ಸಿಕ್ಕಿವೆ. ಭಾನುವಾರದ ಸಭೆಯಲ್ಲಿ ಕೊಡಲಾಗುವುದು." ಎಷ್ಟು ಎಂದು ಬರೆಯಲಿಲ್ಲ.

ಭಾನುವಾರ ಕುರ್ಚಿ ಸಾಲಲಿಲ್ಲ. ಮೊದಲ ಸಾಲಿನಲ್ಲಿದ್ದ ಎದುರುಮನೆ ಅಜ್ಜಿ, ನಾನು ಚೀಲದಿಂದ ಮೊದಲು ತೆಗೆದ ತಮ್ಮ ಹೆಸರಿನ ಚಮಚ ಇಸಿದುಕೊಂಡು ಪಕ್ಕದ ಮನೆಯಾಕೆಯತ್ತ ತಿರುಗಿದರು.

"ನಾನು ಒಂದಿನಾನೂ ಗುಂಡಿಗೆ ಕಸ ಹಾಕಿದೋಳಲ್ಲ. ನನ್ ಚಮಚ ಅಲ್ಲಿಗೆ ಹೆಂಗೇ ಹೋಯ್ತು?"

"ಪಾಯಸದ ಜೊತೆ ನೀವೇ ಕಳಿಸಿದ್ದು ಅಜ್ಜಿ."

"ಪಾತ್ರೆಯೇನೋ ವಾಪಸ್ ಬಂತು, ಚಮಚ ಬರ್ಲಿಲ್ಲ ಕಣೇ. ಪಾತ್ರೆಯಾದ್ರೂ ಬಂತಲ್ಲ ಅಂತ ಈವರ್ಗೂ ಸುಮ್ನಿದ್ದೆ!"

ಹಿಂದಿನ ಸಾಲಿನಿಂದ ಮೂಲೆಮನೆ ಅಂಕಲ್ ಕೂಗಿದರು: "ಜಗಳ ಆಮೇಲಾಡಿ, ಮೊದ್ಲು ನಮ್ ಚಮಚ ಕೊಡಿ!"

ಮೊದಲು ಸಹಿ, ಆಮೇಲೆ ಚಮಚ ಎಂದೆ. ಸಾಲಾಗಿ ನಿಂತು ಹಾಕಿದರು.

ಸಹಿ ಮೂವತ್ತೆಂಟು. ಚಮಚ ಹನ್ನೊಂದು.