ಇಂಟರ್ನೆಟ್ಟಿಗೆ ಸೆರಗು ಹೊದಿಸಿದ ಕಾಕಾ

ಇಡೀ ದೇಶದಲ್ಲಿ ಇಂಟರ್ನೆಟ್ಟಿಗೆ ತಲೆತುಂಬ ಸೆರಗು ಹೊದಿಸಿ, ಕೈತುಂಬ ಬಳೆ ತೊಡಿಸಿ, ತಲೆ ತಗ್ಗಿಸಿ ಕೂರಿಸಿದವರು ಯಾರಾದರೂ ಇದ್ದರೆ ಅವರು ನಮ್ಮ ಕಾಕಾ ಒಬ್ಬರೇ. ನಂಬುವುದಿಲ್ಲವೇ? ಆ ಇಂಟರ್ನೆಟ್ಟಿನಲ್ಲೇ ಓದಿ ನಾನು ಪಿಯುಸಿ ಪಾಸಾದವಳು, ನನ್ನ ಮಾತನ್ನು ನಂಬಲೇಬೇಕು!

ಈಗ ನಾನು ಯಲಬುರ್ಗಾದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದೇನೆ. ನನ್ನ ಮೊಬೈಲು ಕೇಳಿದ್ದನ್ನೂ ತೋರಿಸುತ್ತದೆ, ಕೇಳದ್ದನ್ನೂ ತೋರಿಸುತ್ತದೆ. ಬೇಡ ಅನ್ನುವವರು ಯಾರೂ ಇಲ್ಲ. ಆದರೂ ಊಟದ ಬಿಡುವಿನಲ್ಲಿ ಸುಮ್ಮನೆ ಪರದೆ ಸರಿಸುತ್ತ ಕೂತಾಗ ಗಂಗಾವತಿಯ ಆ ಮನೆ ನೆನಪಾಗುತ್ತದೆ. ಹಿಂದಿನ ಓಣಿಯ ಅಕ್ಕಿ ಗಿರಣಿಯಿಂದ ತೇಲಿ ಬರುವ ತೌಡಿನ ವಾಸನೆ, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ, ಬಾಗಿಲಲ್ಲಿ ನಿಂತ ಕಾಕಾನ ದನಿ: "ಫೋನ್ ತೋರಸ್ರಿ ನೋಡೂಣು!"

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಗಂಗಾವತಿಯಲ್ಲಿ ಬೀಜ ಗೊಬ್ಬರದ ಅಂಗಡಿ. ನಮ್ಮದು ತಾವರಗೇರಾ ಹತ್ತಿರದ ಹೊಲದ ಮನೆ. ಅಲ್ಲಿ ಸಿಗ್ನಲ್ಲು ಬೀಗರ ಹಾಗೆ, ಹಬ್ಬಕ್ಕೊಮ್ಮೆ ಬಂದು ಒಂದು ತಾಸು ಕೂತು ಹೋಗುತ್ತಿತ್ತು. ಕೊರೋನಾ ಬಂದು ಕಾಲೇಜುಗಳು ಬಾಗಿಲು ಹಾಕಿ, ಪಾಠಗಳೆಲ್ಲ ಮೊಬೈಲಿಗೆ ಬಂದಾಗ ಅಪ್ಪ ನನ್ನನ್ನು ಕಾಕಾನ ಮನೆಗೆ ತಂದು ಬಿಟ್ಟರು. ಕಾಕಾನ ಮಗಳು ಶೈಲಾ ನನ್ನ ಓರಗೆಯವಳು. ಇಬ್ಬರದೂ ಎರಡನೇ ಪಿಯುಸಿ ಸೈನ್ಸು. ಇನ್ನು ಚಿಗವ್ವ, ಅಂದರೆ ಕಾಕಾನ ಹೆಂಡತಿ. ಕಾಕಾನನ್ನು ಇಷ್ಟು ವರ್ಷ ಸಹಿಸಿಕೊಂಡವರು ಎಂದರೆ ಅವರ ಗುಣ ನಿಮಗೆ ಅರ್ಥವಾದೀತು.

ಕಾಕಾನ ಕಾವಲು ನನಗೆ ಹೊಸದೇನಲ್ಲ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಅವರ ಮನೆಗೆ ಬರುತ್ತಿದ್ದೆ. ಭಾನುವಾರ ಸಂಜೆ ಟಿ.ವಿ.ಯಲ್ಲಿ ಸಿನಿಮಾ. ಮಳೆ ಶುರುವಾಗಿ, ನಾಯಕಿ ನೆನೆದು, ನಾಯಕ ಒಂದು ಹೆಜ್ಜೆ ಮುಂದಿಟ್ಟನೋ, ಕಾಕಾ ಎದ್ದು ಪಡಸಾಲೆಗೆ ಹೋಗುತ್ತಿದ್ದರು. ಠಕ್! ಮೇನ್ ಸ್ವಿಚ್ ಬಂದ್! "ಕರೆಂಟ್ ಹೋತು ನೋಡ್ರಿ. ಈ ಸರ್ಕಾರದವ್ರಿಗೆ ಬುದ್ಧಿನ ಇಲ್ಲ" ಎಂದು ಅವರೇ ಬೈಯುವರು. ಹಾಡು ಮುಗಿಯುವಷ್ಟು ಹೊತ್ತಿಗೆ ಕರೆಂಟು ತಪ್ಪದೇ ಬರುತ್ತಿತ್ತು. ಸಿನಿಮಾದಲ್ಲಿ ಮಳೆ ಬಂದರೆ ಗಂಗಾವತಿಯಲ್ಲಿ ಕರೆಂಟು ಹೋಗುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಅಂಥವರ ಮನೆಗೆ ಇಂಟರ್ನೆಟ್ಟು ಬಂತು! ಇಬ್ಬರಿಗೂ ಸೇರಿ ಒಂದೇ ಫೋನು. ಅದನ್ನು ಕೊಂಡ ದಿನವೇ ಕಾಕಾ ನಮ್ಮಿಬ್ಬರನ್ನೂ ಕರೆದುಕೊಂಡು ಮೊಬೈಲ್ ರಿಪೇರಿಯ ಖಾದರಭಾಯಿ ಅಂಗಡಿಗೆ ಹೋದರು.

"ಖಾದರಭಾಯಿ, ಇದಕ್ಕೊಂದು ಮೂಗುದಾರ ಹಾಕಿ ಕೊಡ್ರಿ."

"ಐತ್ರಿ ಸಾವ್ಕಾರ್ರ. ಒಂದು ಆ್ಯಪ್ ಹಾಕ್ತೀನಿ. ಬ್ಯಾಡಾದ ಮಾತು ಎದುರಿಗೆ ಬಂದ್ರ ಫೋನು ಕಣ್ಣ ಮುಚ್ಕೊಂತೈತಿ. ಯಾರು ಏನು ಹುಡಿಕ್ಯಾರ ಅಂತ ನಿಮ್ಮ ಫೋನಿಗೆ ಸುದ್ದಿನೂ ಬರತೈತಿ. ಹುಡುಗಿ ವಯಸ್ಸು ಎಷ್ಟು ಅಂತ ಹಾಕ್ಲಿ?"

"ಐದು."

"ಐದ? ಹಿಂದ ನಿಂತಾರಲ್ರಿ, ನನಗಿಂತ ಎತ್ತರ ಅದಾರ!"

"ಅದು ನಿಮಗ. ನನಗ ಇನ್ನೂ ಐದ ವರ್ಷದಾವು. ಹಾಕ್ರಿ."

ಖಾದರಭಾಯಿ ಹಾಕಿಯೇಬಿಟ್ಟರು. ಅಂದಿನಿಂದ ಫೋನು ಏನನ್ನಾದರೂ ತಡೆದಾಗಲೆಲ್ಲ ಪರದೆಯ ಮೇಲೆ ಗುಲಾಬಿ ಬಣ್ಣದ ಒಂದು ಮೊಲ ಬಂದು ಚಪ್ಪಾಳೆ ತಟ್ಟುತ್ತಿತ್ತು: "ಬಾ ಪುಟ್ಟಾ, ಬೇರೆ ಆಟ ಆಡೋಣ!"

ಅಷ್ಟಕ್ಕೇ ಕಾಕಾನಿಗೆ ಸಮಾಧಾನವಾಗಲಿಲ್ಲ. ದಿನವೂ ಒಂದೊಂದು ಹೊಸ ಶಬ್ದ ನೆನಪು ಮಾಡಿಕೊಂಡು ಬಂದ್ ಮಾಡಿಸಿದರು. ಪ್ರೀತಿ ಬಂದ್, ಪ್ರೇಮ ಬಂದ್, ಮುತ್ತು ಬಂದ್. ಮನುಷ್ಯನ ದೇಹವನ್ನು ಕುತ್ತಿಗೆಯ ತನಕ ಬಿಟ್ಟು ಉಳಿದದ್ದನ್ನೆಲ್ಲ ಬಂದ್ ಮಾಡಿಸಿದ್ದರು. ಮೊಣಕಾಲಿಗೆ ಮಾತ್ರ ವಿನಾಯಿತಿ, ಏಕೆಂದರೆ ಅವರಿಗೆ ಮೊಣಕಾಲು ನೋವಿತ್ತು! ಕೊನೆಗೆ ಕುಡಿತದ ಮಾತುಗಳ ಸರದಿ: ಬ್ರಾಂಡಿ, ರಮ್ಮು, ಜಿನ್ನು.

ಮರುದಿನ ಕ್ಲಾಸೇ ತೆರೆಯಲಿಲ್ಲ. ಎಷ್ಟು ಒತ್ತಿದರೂ ಮೊಲದ ಚಪ್ಪಾಳೆ. ಖಾದರಭಾಯಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾವ್ಕಾರ್ರ, ಕ್ಲಾಸಿಗೆ ಒಳಗ ಹೋಗಬೇಕಂದ್ರ ಲಾಗಿನ್ ಆಗಬೇಕು. ಇಂಗ್ಲಿಷಿನ್ಯಾಗ ಬರದ್ರ ಅದರ ಬಾಲದಾಗ ಜಿನ್ನಿನ ಅಕ್ಷರ ಅದಾವ್ರಿ!"

ಕಾಕಾ ದಂಗಾದರು. "ಕಾಲೇಜಿನ ಬಾಗಲದಾಗೂ ಕುಡುಕ್ರು ನಿಂತಾರಲ್ಲೋ!"

"ಇಂಜಿನಿಯರಿಂಗ್‌ನ್ಯಾಗೂ ಅವ ಅಕ್ಷರ ಅದಾವ್ರಿ."

"ಅದಕ್ಕ ನೋಡ್ರಿ, ನಮ್ಮ ಓಣಿ ಗಟಾರ ಸೊಟ್ಟ ಹೋಗ್ಯಾವ!"

ಜಿನ್ನಿಗೆ ಬಿಡುಗಡೆ ಸಿಕ್ಕಿತು. ಆದರೆ ಹೂವಿಗೆ ಸಿಗಲಿಲ್ಲ. ಜೀವಶಾಸ್ತ್ರದಲ್ಲಿ ಹೂಬಿಡುವ ಸಸ್ಯಗಳ ಸಂತಾನೋತ್ಪತ್ತಿ ಎಂಬ ಪಾಠ. ಸಂತಾನ ಎಂದೊಡನೆ ಮೊಲ ಹಾಜರ್! ಪರೀಕ್ಷೆ ಹತ್ತಿರ ಬಂದಿತ್ತು. ಶೈಲಾ ಅಳುತ್ತ, ನಾನು ಅವಳ ಹಿಂದೆ ಓಡುತ್ತ ಅಂಗಡಿಗೆ ಹೋದೆವು. ಅಲ್ಲಿ ಕಾಕಾ ಸಿದ್ದಾಪುರದ ರೈತರೊಬ್ಬರಿಗೆ ಇಡೀ ಬಜಾರಿಗೆ ಕೇಳುವಂತೆ ವಿವರಿಸುತ್ತಿದ್ದರು: "ಗಂಡ ಹೂವಿನ ಹುಡಿ ಹೆಣ್ಣ ಹೂವಿಗೆ ಮುಟ್ಟಬೇಕ್ರಿ. ಇಲ್ಲಂದ್ರ ಹೀರಿಕಾಯಿ ಹೆಂಗ ಕಟ್ಟತಾವ? ಜೇನುಹುಳ ಬರಲಿಲ್ಲಂದ್ರ ನೀವ ಕೈಲೆ ಮುಟ್ಟಿಸ್ರಿ, ನಾಚಬ್ಯಾಡ್ರಿ!"

"ಅಪ್ಪಾ, ಇದ ಪಾಠ ನೀ ಬಂದ್ ಮಾಡಿಸಿದ್ದು!" ಎಂದು ಶೈಲಾ ಚೀರಿದಳು.

ಕಾಕಾ ರೈತರ ಮುಖ ನೋಡಿದರು, ನಮ್ಮ ಮುಖ ನೋಡಿದರು. "ಅದು... ಹೀರಿಕಾಯಿ ಮಾತು. ಮನಿಗೆ ನಡೀರಿ."

ಸಂಜೆ ಯಾರದೋ ಹಿತ್ತಲಿನ ಹೀರೆ ಹೂಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು, ನಮ್ಮನ್ನು ಮಾಳಿಗೆಗೆ ಕರೆದರು. ಹೂ ಬಿಡಿಸಿ, ಕೇಸರ ತೋರಿಸಿ, ಹುಡಿಯನ್ನು ನಮ್ಮ ಬೆರಳ ತುದಿಗೆ ಹಚ್ಚಿ ಪೂರ್ತಿ ಪಾಠ ಹೇಳಿಕೊಟ್ಟರು. ಅಷ್ಟು ಹೊತ್ತೂ ಅವರ ಕಣ್ಣು ಮಾತ್ರ ಆಕಾಶದ ಕಡೆಗೇ ಇತ್ತು! ಗಿರಣಿಯ ಹೊಗೆಯ ಆಚೆ ಸೂರ್ಯ ಕಂತುತ್ತಿದ್ದ. ಎಷ್ಟು ಪುಸ್ತಕ ಓದಿದ್ದೇನೋ, ಎಷ್ಟು ಮರೆತಿದ್ದೇನೋ. ಆ ಪಾಠ ಮಾತ್ರ ಇನ್ನೂ ಬೆರಳ ತುದಿಯಲ್ಲಿದೆ.

ಮುಂದಿನ ಸರದಿ ಚಿಗವ್ವನದು. ಅವರಿಗೆ ಸ್ವಂತ ಫೋನಿರಲಿಲ್ಲ. ಅಕ್ಷರ ಒತ್ತುವುದೂ ರೂಢಿಯಿಲ್ಲ. ಫೋನಿಗೆ ಬಾಯಿಯಲ್ಲಿ ಹೇಳಿದರೂ ಅದು ಹುಡುಕಿ ಕೊಡುತ್ತದೆ ಎಂದು ನಾನೇ ಕಲಿಸಿಕೊಟ್ಟಿದ್ದೆ. ಪಕ್ಕದ ಮನೆಯ ಉಡಿ ತುಂಬುವ ಕಾರ್ಯಕ್ಕೆ ಹಾಡು ಬೇಕಿತ್ತು. "ಮುತ್ತೈದೇರ ಹಾಡು" ಎಂದು ಚಿಗವ್ವ ಫೋನಿಗೆ ಭಕ್ತಿಯಿಂದ ಹೇಳಿದರು. ಮುತ್ತೈದೆಯ ಹೊಟ್ಟೆಯಲ್ಲಿ ಮುತ್ತಿದೆಯಲ್ಲ! ಮೊಲ ಚಪ್ಪಾಳೆ ತಟ್ಟಿತು. ಮರುಗಳಿಗೆಯೇ ಅಂಗಡಿಯಿಂದ ಕಾಕಾನ ಫೋನು. ನಾನು ಎತ್ತಿದೆ.

"ಯಾರದು ಮನ್ಯಾಗ ಮುತ್ತು ಕೇಳಾಕತ್ತಿದ್ದು?"

ಚಿಗವ್ವ ನನ್ನ ಕೈಯಿಂದ ಫೋನು ಕಸಿದುಕೊಂಡರು. "ನಾನರೀ! ಈ ವಯಸ್ಸಿನ್ಯಾಗ ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?"

ಕಾಕಾ ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದರಂತೆ. ಗೊಬ್ಬರಕ್ಕೆ ಸಾಲು ನಿಂತಿದ್ದ ರೈತರೆಲ್ಲ ಕೇಳಿ, ಯೂರಿಯಾ ಮರೆತು ನಕ್ಕರಂತೆ!

ಹೀಗೆ ನಗುನಗುತ್ತ ದಿನಗಳು ಹೋಗುತ್ತಿದ್ದವು. ಒಂದು ಮಧ್ಯಾಹ್ನ ಕಾಕಾ ಅಂಗಡಿ ಬಿಟ್ಟು ಇದ್ದಕ್ಕಿದ್ದಂತೆ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಡುವುದನ್ನೂ ಮರೆತಿದ್ದರು. ಕೈಯಲ್ಲಿ ಫೋನು. ಶೈಲಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇವತ್ತು ಯಾವ ಶಬ್ದವೋ!

ಕಾಕಾ ಬೈಯಲಿಲ್ಲ. ಮಂಚದ ಅಂಚಿಗೆ ಕೂತು ಮೆಲ್ಲಗೆ ಕೇಳಿದರು: "ಅವ್ವಿ, ನಿಮ್ಮಿಬ್ಬರಿಗೂ ಮೈಗೆ ಆರಾಮ ಐತಿಲ್ಲೊ?"

"ಐತ್ರಿ ಕಾಕಾ. ಯಾಕ್ರಿ?"

ಅವರು ಫೋನನ್ನು ನನ್ನ ಕಡೆ ತಿರುಗಿಸಿದರು. ಆ್ಯಪಿನ ಸುದ್ದಿ ಬಂದಿತ್ತು. ತಡೆದ ಹುಡುಕಾಟ: "ಎದ್ಯಾಗ ಗಂಟು ಆದ್ರ ಏನು ಮಾಡಬೇಕು."

"ನಾವಲ್ರಿ ಕಾಕಾ" ಎಂದೆ.

ಅಡುಗೆಮನೆಯಲ್ಲಿ ಚಿಗವ್ವ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳ ನಿಂತುಹೋಯಿತು.

ಕಾಕಾ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. "ಎಷ್ಟ ದಿನ ಆತು?"

ಚಿಗವ್ವ ತಿರುಗಿ ನೋಡಲಿಲ್ಲ. "ನೀವು ಸೀಜನ್ ಅಂತ ಓಡ್ಯಾಡಾಕತ್ತಿದ್ರಿ. ಹುಡುಗ್ಯಾರದು ಪರೀಕ್ಷಾ. ಹೇಳಾಕ ನಾಚಿಕಿನೂ ಆತು. ಫೋನಿಗರ ಕೇಳೂಣು ಅಂದೆ... ಆ ಮೊಲ ಬಂದು ಚಪ್ಪಾಳಿ ಹೊಡೀತ್ರಿ."

ಕಾಕಾ ಒಳಗೆ ಹೋಗಿ ಒಲೆ ಆರಿಸಿದರು. ಹಿಟ್ಟು ಮೆತ್ತಿದ್ದ ಚಿಗವ್ವನ ಕೈ ಹಿಡಿದು ನಲ್ಲಿಯ ಕೆಳಗೆ ತಾವೇ ತೊಳೆದರು.

ಮರುದಿನ ಬೆಳಿಗ್ಗೆ ಬಳ್ಳಾರಿಗೆ ಹೊರಟೆವು. ಇಂಗ್ಲಿಷ್ ರಿಪೋರ್ಟು ಓದಲು ನಾನೂ ಜತೆಗೆ. ಡಾಕ್ಟರಮ್ಮನ ಮುಂದೆ ಚಿಗವ್ವ ಸೆರಗಿನ ತುದಿ ಸುತ್ತುತ್ತ ಕೂತುಬಿಟ್ಟರು. ಆಗ ಮಾತಾಡಿದವರು ಕಾಕಾ. ಆಕಾಶ ನೋಡಲಿಲ್ಲ, ತಡವರಿಸಲಿಲ್ಲ. "ನನ್ನ ಹೆಂಡ್ತಿಗೆ ಎದ್ಯಾಗ ಗಂಟು ಆಗೇತ್ರಿ. ಎಡಗಡೆ. ನೋಡ್ರಿ" ಎಂದರು.

ಗಂಟು ಕೆಟ್ಟದ್ದೇ ಆಗಿತ್ತು. ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದೀರಿ ಎಂದರು ಡಾಕ್ಟರಮ್ಮ. ಆಪರೇಷನ್ನು ಆಯಿತು, ಔಷಧದ ದೊಡ್ಡ ದಾರಿ ಸವೆಯಿತು. ಈಗ ಚಿಗವ್ವ ಸಂತೆಯಲ್ಲಿ ಬದನೆಕಾಯಿ ಮಾರುವವಳ ಜತೆ ಜಗಳ ಗೆದ್ದು ಬರುವಷ್ಟು ಗಟ್ಟಿಯಾಗಿದ್ದಾರೆ.

ನನಗೆ ಮರೆಯಲಾಗದ್ದು ಆಪರೇಷನ್ನಿನ ಹಿಂದಿನ ಸಂಜೆ. ಆಸ್ಪತ್ರೆಯಲ್ಲಿ ಕಾಕಾ ತಮ್ಮ ಫೋನನ್ನೂ ನಮ್ಮದನ್ನೂ ನನ್ನ ಕೈಗೆ ಕೊಟ್ಟು, "ಎಲ್ಲಾ ತಗದ ಬಿಡವ್ವಾ. ಏನೂ ಮುಚ್ಚಬ್ಯಾಡ" ಎಂದರು. ಬಂದ್ ಮಾಡಿದ್ದನ್ನೆಲ್ಲ ತೆಗೆದು ಫೋನು ಅವರ ಕೈಗೆ ಕೊಟ್ಟೆ. ಅವರು ಮೂಗಿನ ಮೇಲೆ ಚಾಳೀಸು ಏರಿಸಿ, ಚಿಗವ್ವನ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ನನ್ನ ಜಡ್ಡಿನ ಬಗ್ಗೆ ಏನ್ ಬರದಾರ, ಓದ್ರಿ" ಎಂದರು ಚಿಗವ್ವ.

ಕಾಕಾ ಸಾಲಿಯ ಹುಡುಗನ ಹಾಗೆ ಅಕ್ಷರ ಅಕ್ಷರ ಬಿಡಿಸಿ ಓದತೊಡಗಿದರು. "ಬೇಗ ಗೊತ್ತಾದರೆ... ಗುಣವಾಗುತ್ತದೆ." ಆಮೇಲೆ ಒಂದು ಕಡೆ ನಿಂತರು. ಅವರ ಹೆಬ್ಬೆರಳು ಪರದೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿತು. ಒಂದಿಡೀ ಪರಿಚ್ಛೇದ ದಾಟಿಹೋಯಿತು. "ಹಾಲು, ಮೊಟ್ಟೆ, ಸೊಪ್ಪು ಚೆನ್ನಾಗಿ ತಿನ್ನಬೇಕು."

"ಆಮ್ಯಾಲ?"

"ಆಮ್ಯಾಲ... ಗಂಡ ಆದಂವ ಅಂಗಡಿ ಬಂದ್ ಮಾಡಿ ಮಗ್ಗಲದಾಗ ಕುಂಡ್ರಬೇಕಂತ."

"ಹಂಗ ಬರದಾರ?"

"ಹೂಂ. ದಪ್ಪ ಅಕ್ಷರದಾಗ ಬರದಾರ."

ಚಿಗವ್ವ ಕಣ್ಣು ಮುಚ್ಚಿ ಸಣ್ಣಗೆ ನಕ್ಕರು. ಕಾಕಾನ ಹೆಗಲ ಹಿಂದೆ ನಿಂತಿದ್ದ ನನಗೆ ಪರದೆ ಪೂರ್ತಿ ಕಾಣುತ್ತಿತ್ತು. ಅಂಥ ಸಾಲು ಅಲ್ಲಿ ಎಲ್ಲಿಯೂ ಇರಲಿಲ್ಲ.