ಕೈಯಾರೆ ಹೊತ್ತಿಸಿದ ಬಲ್ಬು

ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ತಿಳಿದವರು ಹೇಳುತ್ತಾರೆ. ಹಾಗೆ ನಡೆದುಕೊಂಡಿದ್ದರೆ ಇಷ್ಟು ವರ್ಷದ ನೌಕರಿಯಲ್ಲಿ ನಾನು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇಳಕಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು. ಹೋದ ತಿಂಗಳು ನಮ್ಮನ್ನು ಬಾಗಲಕೋಟೆಗೆ ತರಬೇತಿಗೆ ಕರೆಸಿದ್ದರು. ಮಕ್ಕಳು ತಾವೇ ಮಾಡಿ ಕಲಿಯಬೇಕು ಎಂಬುದು ವಿಷಯ. ಅದಕ್ಕಾಗಿ ನಾವು ಎರಡು ದಿನ ಕೈಕಟ್ಟಿ ಕುಳಿತು ಗೋಡೆಯ ಮೇಲೆ ಬೀಳುವ ಚಿತ್ರ ನೋಡಿದೆವು. ಮೇಜಿನ ಮೇಲೆ ಬಲ್ಬು, ತಂತಿ, ಸೆಲ್ಲು ತುಂಬಿದ ಪೆಟ್ಟಿಗೆ ಇತ್ತು. ತಡೆಯಲಾರದೆ ಒಂದು ತಂತಿಗೆ ಕೈ ಹಾಕಿದೆ. ತರಬೇತಿ ಕೊಡುವವರು ಓಡಿ ಬಂದರು.

"ಮುಟ್ಟಬ್ಯಾಡ್ರಿ ಸರ್, ನಾಳೆ ಹುನಗುಂದದವ್ರಿಗೆ ತೋರಸೂದೈತಿ."

"ಮುಟ್ಟದ ಮಾಡೂದು ಹೆಂಗ್ರಿ?"

"ಅದು ಮುಂದಿನ ಚಿತ್ರದಾಗ ಬರ್ತೈತ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯನ್ನು ಬಸ್ಸಿನಲ್ಲಿ ಹೊತ್ತು ತಂದು ಮನೆಯಲ್ಲಿ ಇಳಿಸಿದೆ. ಮಕ್ಕಳ ಕೈಗೆ ಏನೂ ಕೊಡದವರು ಶಿಕ್ಷಣದ ಬಗ್ಗೆ ಮಾತಾಡುವುದೇ ಮಹಾಪಾಪ ಎಂದು ಕೂಗಾಡಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಲೇ, "ಇಲ್ಲಿ ಒದರಿದ್ರ ಬಾಗಲಕೋಟಿಗೆ ಕೇಳಸ್ತೈತೇನ್ರಿ? ನಿಮ್ಮ ಸಾಲ್ಯಾಗ ನೀವು ಮಾಡಸ್ರಿ," ಎಂದಳು. ಅವಳು ಸರಿಯಾದ ಮಾತು ಹೇಳಿದಾಗ ನನ್ನ ಸಿಟ್ಟು ಇನ್ನಷ್ಟು ಹೆಚ್ಚುತ್ತದೆ.

ಮರುದಿನವೇ ಸಾಮಾನು ತಂದು ಐದನೆಯ ತರಗತಿಯ ಮುಂದಿಟ್ಟೆ. ಮುಂದಿನ ಸಾಲಿನ ರೇಣುಕಾ ಎದ್ದು ನಿಂತಳು. ಅವಳ ಮನೆಯಲ್ಲಿ ಸೀರೆ ನೇಯುತ್ತಾರೆ. ಮಗ್ಗದಲ್ಲಿ ರೇಷ್ಮೆಯ ಎಳೆ ಹರಿದರೆ ನನ್ನ ಕಣ್ಣಿಗೆ ಕಾಣುವ ಮೊದಲೇ ಗಂಟು ಹಾಕಿರುತ್ತಾಳೆ, ಅಂಥ ಬೆರಳು.

"ಸರ್, ನಾ ಒಮ್ಮಿ ಕಟ್ಲೇನ್ರಿ?"

"ತಡಿ, ಕೆಡಸ್ತಿ. ಮೊದಲ ನಾ ತೋರಸ್ತೇನಿ."

ತೋರಿಸಿದೆ. ತಂತಿ ಜಾರಿತು. ಮತ್ತೆ ಕಟ್ಟಿದೆ, ಮತ್ತೆ ಜಾರಿತು. ಅವಳು ಇನ್ನೆರಡು ಸಲ ಕೇಳಿದಳು, ನಾನು ಎರಡು ಸಲ ಗದರಿದೆ. ಅಂತೂ ಬಲ್ಬು ಹೊತ್ತಿಕೊಳ್ಳುವ ಹೊತ್ತಿಗೆ ಗಂಟೆ ಬಾರಿಸಲು ಐದು ನಿಮಿಷವಿತ್ತು. ಮಕ್ಕಳನ್ನು ಸುತ್ತ ನಿಲ್ಲಿಸಿ ಫೋಟೊ ತೆಗೆದೆ. ಆಮೇಲೆ ಬೋರ್ಡಿನ ಮೇಲೆ, "ನಾವು ಕೈಯಾರೆ ತಂತಿ ಜೋಡಿಸಿ ಬಲ್ಬು ಹೊತ್ತಿಸಿದೆವು" ಎಂದು ದಪ್ಪ ಅಕ್ಷರದಲ್ಲಿ ಬರೆದು, ಎಲ್ಲರೂ ಬರೆದುಕೊಳ್ಳಿ ಎಂದೆ.

ಸಂಜೆ ಶಾಲೆ ಬಿಡುವ ಮೊದಲು ಮಕ್ಕಳು ಬರೆದುಕೊಂಡ ಪಟ್ಟಿ ತಿದ್ದುವಾಗ ಎಲ್ಲರದೂ ಸರಿಯಿತ್ತು. ರೇಣುಕಾಳ ಪಟ್ಟಿಯಲ್ಲಿ ಮಾತ್ರ, "ಸರ್ ತಂತಿ ಜೋಡಿಸಿದರು. ನಾವು ನೋಡಿದೆವು" ಎಂದಿತ್ತು. ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು ಅವಳನ್ನು ಕರೆದೆ.

"ಬೋರ್ಡಿನ ಮ್ಯಾಲಿದ್ದಂಗ ಯಾಕ ಬರದಿಲ್ಲ?"

"ಖರೆ ಬರದೇನ್ರಿ ಸರ್."

ವಿಪರೀತ ಸಿಟ್ಟು ಬಂತು. ಬಂದದ್ದು ಅವಳ ಮೇಲೆ, ಏಕೆಂದರೆ ಹತ್ತಿರದಲ್ಲಿ ಬೈಯಬಹುದಾದವರು ಬೇರೆ ಯಾರೂ ಇರಲಿಲ್ಲ. "ಅಳಿಸಿ ಸರಿಯಾಗಿ ಬರಿ" ಎಂದೆ. ಅವಳ ಹತ್ತಿರ ರಬ್ಬರ್ ಇರಲಿಲ್ಲ. ನನ್ನ ಮೇಜಿನ ಮೇಲಿದ್ದುದನ್ನು ಎತ್ತಿಕೊಟ್ಟೆ. ಆ ದಿನ ನಾನು ಆ ಹುಡುಗಿಯ ಕೈಗೆ ಕೊಟ್ಟದ್ದು ಅದೊಂದೇ.