ಮಾತಾಡು, ತಿನ್ನು, ಬದುಕು

ಚಳಿಗಾಲದ ಒಂದು ಬುಧವಾರ, ಬೆಳಗ್ಗೆ ಎಂಟೂವರೆ. ಮೊಳೆಮಾಮನ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಎಲ್ಲ ಶುರುವಾದದ್ದು ಅಲ್ಲಿಂದ.

ಅಚ್ಚಿನ ಮೊಳೆ, ಎಂದರೆ ಸೀಸದ ಅಕ್ಷರ, ಜೋಡಿಸುವುದು ಅವನ ಕಸುಬು. ಇಪ್ಪತ್ತೆರಡು ವರ್ಷದಿಂದ ಒಂದೇ ಛಾಪಖಾನೆ, ಒಂದೇ ಸ್ಟೂಲು. ಬೀದಿಯವರಿಗೆ ಅವನ ನಿಜವಾದ ಹೆಸರು ಮರೆತೇ ಹೋಗಿತ್ತು. ಈ ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೈಯಿಂದ ಒಂದು ತಪ್ಪಕ್ಷರವೂ ಹೊರಗೆ ಹೋಗಿಲ್ಲ ಎಂಬುದೊಂದೇ ಅವನ ಆಸ್ತಿ.

ಅವತ್ತು ಅಚ್ಚಾಗಬೇಕಾಗಿದ್ದದ್ದು ಸ್ಪ್ಯಾನಿಷ್ ಭಾಷೆಯ ಪರೀಕ್ಷೆಯ ಹಾಳೆ. ಮಾತಾಡು, ತಿನ್ನು, ಬದುಕು ಎಂಬ ಮೂರು ಕ್ರಿಯಾಪದಗಳು. ಪ್ರತಿಯೊಂದೂ ಇವತ್ತು, ನಿನ್ನೆ, ನಾಳೆ ಎಂದು ಮೂರು ಕಾಲದಲ್ಲಿ. ಪ್ರತಿ ಕಾಲಕ್ಕೂ ನಾನು, ನೀನು, ಅವನು, ನಾವು, ಅವರು. ಒಟ್ಟು ನಲವತ್ತೈದು ಪದ. ಆ ಭಾಷೆಯ ಗಂಧವೂ ಇಲ್ಲದ ಮೊಳೆಮಾಮ, ಭಾಷೆಯ ಮೇಷ್ಟ್ರು ಬರೆದುಕೊಟ್ಟದ್ದನ್ನು ಅಕ್ಷರ ಅಕ್ಷರ ನೋಡಿ ಹಿಂದಿನ ದಿನವೇ ಜೋಡಿಸಿಟ್ಟಿದ್ದ. ಮೇಷ್ಟ್ರು ಸಂಜೆ ಬಂದು ಪ್ರೂಫ್ ನೋಡಿ, "ಸರಿಯಾಗಿದೆ, ಹೊಡೀರಿ" ಎಂದಿದ್ದರು. ಪರೀಕ್ಷೆಯ ಗುಟ್ಟು ಬಯಲಾಗಬಾರದೆಂದು ಕೈಬರಹ, ಪ್ರೂಫ್ ಎರಡನ್ನೂ ಜೇಬಿಗೆ ಹಾಕಿಕೊಂಡು ಹೋಗಿದ್ದರು.

ಮಾಳಿಗೆಯ ಮೇಲೆ ವಾಸವಾಗಿದ್ದ ಯಜಮಾನರು ಮೆಟ್ಟಿಲಿನಿಂದಲೇ ಹೇಳಿದ್ದರು: "ನೋಡಪ್ಪಾ, ಇದೊಂದು ಸರಿ ಹೋದ್ರೆ ಮೇಷ್ಟ್ರ ವರ್ಷದ ಕೆಲಸವೆಲ್ಲ ನಮಗೇ. ಮೊಳೆನೂ ಉಳಿಯುತ್ತೆ, ನೀನೂ ಉಳೀತೀಯ. ಒಂದಕ್ಷರ ಹೆಚ್ಚುಕಮ್ಮಿ ಆಯ್ತೋ, ಶನಿವಾರ ಸೀಸ ಕರಗಿಸೋನು ಚೀಲ ತರ್ತಾನೆ. ಆಮೇಲೆ ಎಲ್ಲಾ ಕಂಪ್ಯೂಟರು."

ಜೋಡಿಸಿದ ಪುಟವನ್ನು ದಾರ ಸುತ್ತಿ ಬಿಗಿದಿಡುತ್ತಾರೆ. ಮೊಳೆಮಾಮ ಆ ದಾರದಿಂದ ಅರ್ಧ ಗೇಣು ಕತ್ತರಿಸಿ ಚಪ್ಪಲಿಗೆ ಕಟ್ಟಿಕೊಂಡ. ಉಳಿದದ್ದರಲ್ಲಿ ಪುಟವನ್ನು ಮತ್ತೆ ಬಿಗಿದ. ಪುಟವಿದ್ದ ತಟ್ಟೆ ಎತ್ತಿಕೊಂಡು ಮಷಿನ್ನಿನ ಕಡೆ ನಾಲ್ಕು ಹೆಜ್ಜೆ ಇಟ್ಟ. ಚಪ್ಪಲಿ ಗಟ್ಟಿಯಾಗಿ ನಿಂತಿತು. ಪುಟ ನಿಲ್ಲಲಿಲ್ಲ.

ಮೊಳೆಗಳು ನೆಲದ ಮೇಲೆ ಆಲಿಕಲ್ಲಿನಂತೆ ಸುರಿದವು. 'ಮಾತಾಡು' ಮಾತ್ರ ತಟ್ಟೆಯಲ್ಲಿ ಉಳಿಯಿತು. 'ತಿನ್ನು', 'ಬದುಕು' ಎರಡೂ ನೆಲದ ಪಾಲು.

"ಅಯ್ಯೋ ಮಾಮ!" ಎಂದು ಬೈಂಡಿಂಗ್ ಅಕ್ಕ ಅಂಟಿನ ಕುಂಚ ಕೈಯಲ್ಲೇ ಹಿಡಿದು ಓಡಿಬಂದಳು. "ಮೇಷ್ಟ್ರಿಗೆ ಫೋನ್ ಮಾಡಿ, ಇನ್ನೊಂದು ಸಲ ಬರ್ಕೊಡಿ ಅನ್ನಿ."

"ಮಾಡಿದ್ರೆ ಯಜಮಾನರಿಗೆ ಗೊತ್ತಾಗುತ್ತೆ ಅಕ್ಕ. ಶನಿವಾರ ಮೊಳೆ ಜೊತೆ ನನ್ನನ್ನೂ ಚೀಲಕ್ಕೆ ಹಾಕ್ತಾರೆ."

"ಎಷ್ಟು ಹೊತ್ತಿಗೆ ಬರ್ತಾರೆ ಮೇಷ್ಟ್ರು?"

"ಮೂರೂವರೆಗೆ. ನಾಲ್ಕಕ್ಕೆ ಪರೀಕ್ಷೆ. ಎಂಬತ್ತು ಹಾಳೆ."

ಪಕ್ಕದಂಗಡಿಯ ಟೈಲರ್‌ಗೆ ಯಾರ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಇಲ್ಲಿ ಬಿದ್ದದ್ದು ಸೇರುಗಟ್ಟಲೆ ಸೀಸ. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬಂದು ಇಣುಕಿದ.

"ಸ್ಪ್ಯಾನಿಷ್ಷಾ? ಅಷ್ಟೇನಾ? ನಮ್ಮ ಹಡಗಜ್ಜ ಇಲ್ವಾ! ಒಂಬತ್ತು ವರ್ಷ ಸ್ಪೇನಿನವರ ಹಡಗಲ್ಲೇ ಅಡುಗೆ ಮಾಡಿದ್ದು. ನಿದ್ದೆಲೂ ಅದೇ ಭಾಷೆಲಿ ಬೈತಾನೆ."

ಬೇಡ ಎನ್ನುವಷ್ಟರಲ್ಲಿ ಅವನು ಹೋಗಿ ಹಡಗಜ್ಜನನ್ನು ಕರೆತಂದೇಬಿಟ್ಟ. ಅಜ್ಜನಿಗೆ ಓದು ಬರಹ ಬಾರದು. ಬಾಯಿ ಮಾತ್ರ ಬರುತ್ತಿತ್ತು, ಬಂದರೆ ನಿಲ್ಲುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತು ಕೈಗೊಂದು ಸೌಟು ಕೇಳಿದ. ಸೌಟಿಲ್ಲದೆ ಏನೂ ನೆನಪಾಗುವುದಿಲ್ಲವಂತೆ. ಅಕ್ಕ ಅಂಟಿನ ಕುಂಚವನ್ನೇ ಕೊಟ್ಟಳು.

"'ನಾನು ತಿನ್ನುತ್ತೇನೆ' ಅನ್ನೋಕೆ ಏನಂತಾರೆ ಅಜ್ಜ?" ಎಂದು ಮೊಳೆಮಾಮ ಕೇಳಿದ.

"ಕೋಮೋ. ನೀನು ತಿಂದ್ರೆ ಕೋಮೆಸ್. ಅವನು ತಿಂದ್ರೆ ಕೋಮೆ."

ಮೊಳೆಮಾಮ ನೆಲದ ಮೇಲೆ ಮಂಡಿಯೂರಿ ಆರಿಸಿದ, ಜೋಡಿಸಿದ. ಅಕ್ಷರ ಇಂಗ್ಲಿಷಿನವೇ, ಅಂದಂತೆಯೇ ಬರೆಯುವ ಭಾಷೆ. ಹತ್ತು ನಿಮಿಷದಲ್ಲಿ ಐದು ಪದ. ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು.

"ಈಗ ನಿನ್ನೇದು ಹೇಳಿ ಅಜ್ಜ. 'ನಾವು ತಿಂದೆವು'."

ಅಜ್ಜ ಕಣ್ಣು ಮುಚ್ಚಿದ. "ನಾವು ತಿಂದದ್ದು... ಅವತ್ತು ಬಿರುಗಾಳಿ ಕಣಯ್ಯಾ. ಹಂಡೆ ಈ ಕಡೆಯಿಂದ ಆ ಕಡೆ ಹೋಗ್ತಿತ್ತು. ಮೂರು ದಿನ ಒಣ ಬ್ರೆಡ್ಡು..."

"ಅಜ್ಜ, ಪದ ಹೇಳಿ."

"ಪದ ಹಂಗೆಲ್ಲ ಬರುತ್ತಾ? ಬಿರುಗಾಳಿ ನಿಲ್ಲಬೇಕು, ಆಮೇಲೆ ತಿನ್ನಬೇಕು."

ಬಿರುಗಾಳಿ ನಿಲ್ಲಲು ಇಪ್ಪತ್ತೈದು ನಿಮಿಷ ಹಿಡಿಯಿತು. ಗೋಡೆ ಗಡಿಯಾರದ ಮುಳ್ಳು ಮೊಳೆಮಾಮನ ಬೆನ್ನಿಗೇ ಚುಚ್ಚುತ್ತಿತ್ತು. 'ಅವರು ತಿನ್ನುವರು' ಎನ್ನಬೇಕಾದರೆ ಕ್ಯಾಪ್ಟನ್ನು ಕೊಟ್ಟ ಮಾತು, ಅವನು ಕೊಡಿಸದೇ ಹೋದ ಔತಣ, ಅಡುಗೆಮನೆಯ ಮುಷ್ಕರ, ಎಲ್ಲವನ್ನೂ ಕೇಳಬೇಕಾಯಿತು. ನಡುವೆ ಅವಸರ ಮಾಡಿದರೆ ಅಜ್ಜ ಮೊದಲಿನಿಂದ ಶುರು ಮಾಡುತ್ತಿದ್ದ.

ಹನ್ನೆರಡೂ ಕಾಲಿಗೆ ಮೆಟ್ಟಿಲ ಮೇಲೆ ಸದ್ದಾಯಿತು. ಯಜಮಾನರು!

ಅಕ್ಕ ದೊಡ್ಡದೊಂದು ರಟ್ಟಿನ ಹಾಳೆಯನ್ನು ನೆಲಕ್ಕೆ ಹಾಸಿ ಮೊಳೆಗಳನ್ನು ಮುಚ್ಚಿದಳು. ಯಜಮಾನರು ನೇರವಾಗಿ ಬಂದು ಅದರ ಮೇಲೇ ನಿಂತರು. ರಟ್ಟು ಕರಕರ ಎಂದಿತು.

"ಏನಿದು ಸದ್ದು?"

"ಚಳಿಗೆ ರಟ್ಟು ಬಿರುಸಾಗಿದೆ ಯಜಮಾನ್ರೇ," ಎಂದಳು ಅಕ್ಕ.

"ಈ ಅಜ್ಜ ಯಾಕೆ ಇಲ್ಲಿ?"

"ಅಂಟಿನ ಹದ ನೋಡೋಕೆ ಕರ್ಸಿದೀವಿ. ಅಡುಗೆಯವರಲ್ವಾ."

ಅಜ್ಜ ಕುಂಚವನ್ನು ಮೂಸಿ, "ಉಪ್ಪು ಕಮ್ಮಿ" ಎಂದ. ಯಜಮಾನರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಮೊಳೆಮಾಮನ ಬೆವರು ಆ ಚಳಿಯಲ್ಲೂ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಮೂರೂವರೆ. ನೆನಪಿರಲಿ," ಎಂದು ಹೇಳಿ ಅವರು ಮೇಲೆ ಹೋದರು.

'ಬದುಕು' ಬೇಗ ಮುಗಿಯಿತು. ಹಾಗೇ ತಟ್ಟೆಯಲ್ಲಿ ಉಳಿದಿದ್ದ 'ಮಾತಾಡು' ಕೂಡ ಸರಿಯಿದೆಯೇ ಎಂದು ಮೊಳೆಮಾಮ ಗಟ್ಟಿಯಾಗಿ ಓದಿದ. ನಡುವೆ ಅಜ್ಜ ಕುಂಚ ಎತ್ತಿ ತಡೆದ.

"ಏನಂದೆ? ಹಂಗಂದ್ರೆ ಹಡಗಿಂದ ಸಮುದ್ರಕ್ಕೇ ಎಸೀತಾರೆ. ಯಾರೂ ಹಂಗೆ ಮಾತಾಡಲ್ಲ."

ಒಂದಲ್ಲ, ಅಂಥವು ನಾಲ್ಕು ಸಿಕ್ಕವು. ಮೊಳೆಮಾಮನ ಮುಖ ಸುಣ್ಣವಾಯಿತು. ಇಪ್ಪತ್ತೆರಡು ವರ್ಷದ ಮೇಲೆ ನಾಲ್ಕು ತಪ್ಪು! ಮೇಷ್ಟ್ರ ಕಣ್ಣನ್ನೂ ತಪ್ಪಿಸಿಕೊಂಡು ಹೋಗಿವೆ. "ಅಕ್ಕ, ಇದು ನಮ್ಮಲ್ಲೇ ಇರಲಿ," ಎಂದು ಕಳ್ಳನಂತೆ ಅತ್ತಿತ್ತ ನೋಡಿ ನಾಲ್ಕನ್ನೂ ತಿದ್ದಿದ.

ಕೊನೆಗೆ ನೆಲದ ಮೇಲೆ ಎಂಟು ಹತ್ತು ಮೊಳೆ ಮಿಕ್ಕವು. ಇನ್ನೆಂಟು ಹತ್ತು ಸಾಲದೆ ಬೇರೆ ಖಾನೆಯಿಂದ ತರಬೇಕಾಯಿತು.

"ಮಿಕ್ಕಿದ್ಯಲ್ಲ ಮಾಮ?" ಎಂದು ಅಕ್ಕ ಅಳುಕಿದಳು.

"ನಾನು ಎಷ್ಟು ಅಂಗಿ ಹೊಲಿದಿಲ್ಲ? ಬಟ್ಟೆ ಮಿಗದೇ ಇದ್ದದ್ದುಂಟಾ?" ಎಂದ ಟೈಲರ್.

ಎರಡೂ ಮುಕ್ಕಾಲು. ಮಷಿನ್ನು ಕಾಲಲ್ಲಿ ತುಳಿಯುವಂಥದ್ದು. ತುಳಿಯಲು ಟೈಲರ್ ನಿಂತ. ಅವನ ಕಾಲಿಗೆ ಅದೇ ಅಭ್ಯಾಸ. ಅಕ್ಕ ಹಾಳೆ ಕೊಟ್ಟಳು, ಮೊಳೆಮಾಮ ಶಾಯಿ ನೋಡಿಕೊಂಡ, ಅಜ್ಜ ಯಾರೂ ಕೇಳದಿದ್ದರೂ ಎಣಿಸಿದ, ಅದೂ ಸ್ಪ್ಯಾನಿಷ್‌ನಲ್ಲಿ. ಎಂಬತ್ತನೆಯ ಹಾಳೆ ಬಿದ್ದಾಗ ಬಾಗಿಲಲ್ಲಿ ಮೇಷ್ಟ್ರು, ಹಿಂದೆ ಯಜಮಾನರು.

ಮೇಷ್ಟ್ರು ಹಾಳೆ ಎತ್ತಿಕೊಂಡರು. ಮೇಲಿನಿಂದ ಕೆಳಗೆ ಓದಿದರು. ಮತ್ತೆ ಓದಿದರು.

"ಆಶ್ಚರ್ಯ," ಎಂದರು ಮೇಷ್ಟ್ರು. "ಇದರಲ್ಲಿ ಒಂದೂ ತಪ್ಪಿಲ್ಲ."

ಮೊಳೆಮಾಮ ಶಾಯಿ ಹತ್ತಿದ ಕೈಯನ್ನು ಅಂಗಿಗೇ ಒರೆಸಿಕೊಂಡ. ಯಜಮಾನರು ಎದೆಯುಬ್ಬಿಸಿ, "ಎಲ್ಲಿಂದ ಬರ್ಬೇಕು ತಪ್ಪು? ಇಪ್ಪತ್ತೆರಡು ವರ್ಷದಿಂದ ಒಂದೂ ಮಾಡಿಲ್ಲ ನಮ್ಮವನು," ಎಂದರು.

"ಹನ್ನೆರಡು ಇರ್ಬೇಕಿತ್ತು," ಎಂದರು ಮೇಷ್ಟ್ರು.

"ಏನು?"

"ತಪ್ಪು. ಒಂದೊಂದು ಕ್ರಿಯಾಪದಕ್ಕೂ ನಾಲ್ಕರಂತೆ ಹನ್ನೆರಡು ತಪ್ಪನ್ನ ನಾನೇ ಯೋಚಿಸಿ ಯೋಚಿಸಿ ಬರೆದಿದ್ದೆ. ಅವನ್ನ ಹುಡುಕೋದೇ ಪರೀಕ್ಷೆ ಅಂತ ತರಗತೀಲೇ ಹೇಳೋನಿದ್ದೆ. ನಿನ್ನೆ ಪ್ರೂಫಲ್ಲಿ ಹನ್ನೆರಡೂ ಭದ್ರವಾಗಿದ್ವು." ಅವರು ಹಾಳೆಯನ್ನು ಮಷಿನ್ನಿನ ಮೇಲೆ ಕುಕ್ಕಿದರು. "ನಾನು ಪ್ರಶ್ನೆ ಕೊಟ್ರೆ ನೀವು ಉತ್ತರ ಅಚ್ಚು ಹಾಕಿದೀರಿ. ಇನ್ನು ಅರ್ಧ ಗಂಟೇಲಿ ಎಂಬತ್ತು ಜನರ ಮುಂದೆ ಏನು ಹಂಚಲಿ?"

ಮೊಳೆಮಾಮ ಒಂದು ಹಾಳೆ ತೆಗೆದುಕೊಂಡು ಮೇಲಿನಿಂದ ಓದತೊಡಗಿದ. ಯಜಮಾನರು ಅವನ ಕಡೆ ನೋಡಲೂ ಇಲ್ಲ.

"ಇಷ್ಟು ಚೊಕ್ಕವಾಗಿ ಈ ಭಾಷೆ ತಿಳಿದವರು ಇಲ್ಲಿ ಯಾರಿದಾರೆ?" ಎಂದು ಮೇಷ್ಟ್ರು ಗದರಿದರು.

"ನಾನೇ!" ಎಂದು ಹಡಗಜ್ಜ ಕುಂಚ ಎತ್ತಿ ಎದ್ದುನಿಂತ. ಆ ಭಾಷೆಯಲ್ಲೇ ಬಿರುಗಾಳಿಯ ಕತೆ ಶುರುಮಾಡಿದ. ಮೊದಲು ಗಂಟಿಕ್ಕಿದ್ದ ಮೇಷ್ಟ್ರ ಹುಬ್ಬು ನಿಧಾನವಾಗಿ ಸಡಿಲವಾಯಿತು. ಆಮೇಲೆ ಅವರು ನಕ್ಕರು. ಆಮೇಲೆ ಅಜ್ಜನ ಕೈ ಹಿಡಿದು, "ಬನ್ನಿ, ಇವತ್ತು ಬರೆಯೋ ಪರೀಕ್ಷೆ ಬೇಡ, ಬಾಯಿ ಪರೀಕ್ಷೆನೇ ಆಗಲಿ. ನೀವೇ ಕೇಳಿ," ಎಂದು ಕರೆದುಕೊಂಡು ಹೋದರು. ಎಂಬತ್ತು ಹಾಳೆಗಳು ಅಲ್ಲೇ ಉಳಿದವು. ಹಿಂಬದಿ ಬಿಳಿ ಇದೆಯೆಂದು ಟೈಲರ್ ಅಂಗಿಯ ನಕಾಶೆ ಕತ್ತರಿಸಲು ತೆಗೆದುಕೊಂಡು ಹೋದ.

ಶುಕ್ರವಾರ ಮೊಳೆಮಾಮ ಆ ಮೊಳೆಗಳಲ್ಲಿ ಕೊನೆಯ ಕೆಲಸ ಮಾಡಿದ. ಹಡಗಜ್ಜನಿಗೆ ಪರಿಚಯದ ಚೀಟಿಗಳು: 'ಸ್ಪ್ಯಾನಿಷ್ ಮಾತುಗಾರಿಕೆಯ ಶಿಕ್ಷಕರು'. ಅಜ್ಜ ಒಂದು ಚೀಟಿಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, "ಒಂದೂ ತಪ್ಪಿಲ್ಲ ಕಣಯ್ಯಾ," ಎಂದು ಬೆನ್ನು ತಟ್ಟಿದ.

ಶನಿವಾರ ಮಧ್ಯಾಹ್ನ ಮೊಳೆಗಳು ಏಳು ಚೀಲದಲ್ಲಿ ಹೋದವು. ಮೊಳೆಮಾಮನನ್ನು ಚೀಲಕ್ಕೆ ಹಾಕಲಿಲ್ಲ. ಅಕ್ಕನ ಪಕ್ಕದಲ್ಲಿ ಅಂಟು ಬಳಿಯಲು ಕೂರಿಸಿದರು. ಸೋಮವಾರ ಬೆಳಗ್ಗೆ ಹಡಗಜ್ಜ ಟೈಲರ್ ಹೊಲಿದುಕೊಟ್ಟ ಹೊಸ ಕೋಟು ತೊಟ್ಟು ಮೇಷ್ಟ್ರ ಪಾಠಶಾಲೆಗೆ ಹೋದ.